ನಮ್ಮ ಮನೆಯ ಕೂ

ನಾನು ಹುಟ್ಟಿದ್ದು ಕುದ್ರುವಿನಲ್ಲಿ. ಹೊಳೆ ಸಮುದ್ರ ಸೇರುವ ಮುಂಚೆ ಹಲವು ಕವಲಾಗಿ ಒಡೆಯುತ್ತದಲ್ಲ, ಅಲ್ಲಿ ನಡುವೆ ಉಳಿದುಹೋದ ತುಂಡು ನೆಲಕ್ಕೆ ಕುಂದಾಪುರದ ಕಡೆ ಕುದ್ರು ಎನ್ನುತ್ತಾರೆ. ಸುತ್ತ ಉಪ್ಪುನೀರು, ಮೇಲೆ ತೆಂಗಿನಮರ, ಒಟ್ಟು ಏಳು ಮನೆ. ಕತಾರಿಗೆ ಬಂದು ಐದು ವರ್ಷವಾದರೂ ನಾನು ಈ ವಿಷಯವನ್ನು ಒಬ್ಬರಿಗೂ ಹೇಳಿರಲಿಲ್ಲ. ಯಾರೂ ಕೇಳಿರಲೂ ಇಲ್ಲ ಬಿಡಿ. ಊರು ಯಾವುದು ಎಂದರೆ ಮಂಗಳೂರು ಎಂದುಬಿಟ್ಟರೆ ಮುಗಿಯಿತು. ಗಲ್ಫಿನಲ್ಲಿ ಭಟ್ಕಳದಿಂದ ಕಾಸರಗೋಡಿನವರೆಗೆ ಎಲ್ಲರೂ ಮಂಗಳೂರಿನವರೇ. ಅಂಥ ನನಗೆ ನನ್ನ ಕುದ್ರು ನೆನಪಾದದ್ದು ಒಬ್ಬಳು ಗ್ರೀಕ್ ಮುದುಕಿಯ ಮೇಲಿನ ಹೊಟ್ಟೆಕಿಚ್ಚಿನಿಂದ. ನಗುವವರು ನಗಲಿ, ಇದ್ದದ್ದು ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ದೋಹಾದ ಅಲ್ ಅಜೀಜಿಯಾದಲ್ಲಿ ಒಂದು ಹಳೆಯ ವಿಲ್ಲಾವನ್ನು ಎರಡಾಗಿ ಸೀಳಿ, ಮುಂದಿನ ದೊಡ್ಡ ಭಾಗವನ್ನು ಕಂಪೆನಿಯ ಗ್ರೀಕ್ ಇಂಜಿನಿಯರಿಗೂ ಹಿಂದಿನ ಎರಡು ಕೋಣೆಯನ್ನು ನಮಗೂ ಕೊಟ್ಟಿದ್ದರು. ನನ್ನ ಗಂಡ ಅದೇ ಕಂಪೆನಿಯ ಸ್ಟೋರಿನಲ್ಲಿದ್ದರು. ನಾನು ಬೇರೊಂದು ಟ್ರೇಡಿಂಗ್ ಆಫೀಸಿನಲ್ಲಿ ಟೈಪಿಸ್ಟ್. ಆಗ ಆಫೀಸು ಎರಡು ಹೊತ್ತು: ಬೆಳಿಗ್ಗೆ ಹೋಗಿ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು, ನಾಲ್ಕಕ್ಕೆ ಮತ್ತೆ ಹೋದರೆ ಏಳು ಗಂಟೆಯವರೆಗೆ. ಆ ಮೂರು ಗಂಟೆ ಎಂಟು ವರ್ಷದ ಮಗಳನ್ನು ಎಲ್ಲಿ ಬಿಡುವುದು ಎಂಬುದೇ ನನಗೆ ತಲೆನೋವಾಗಿತ್ತು. ಎರಡು ಮನೆಗಳ ನಡುವೆ ಎದೆಮಟ್ಟದ ಒಂದು ಗೋಡೆ. ಒಂದು ದಿನ ಇಂಜಿನಿಯರನ ಹೆಂಡತಿ ಆ ಗೋಡೆಯ ಮೇಲೆ ಮೊಣಕೈ ಊರಿ, "ಹುಡುಗಿ ನನ್ನ ಹತ್ತಿರ ಇರಲಿ. ಮಾಫಿ ಮುಷ್ಕಿಲ್," ಎಂದಳು. ಏನೂ ತೊಂದರೆಯಿಲ್ಲ ಅಂತ. ಅರವತ್ತು ದಾಟಿದ ಹೆಂಗಸು, ಗಿಡ್ಡ, ಗಟ್ಟಿ ಮೈ, ತಲೆ ಪೂರ್ತಿ ಬೆಳ್ಳಗೆ. ದೇವರೇ ಬಂದು ಕೇಳಿದಂತಾಯಿತು ನನಗೆ. ನಾನೂ ಅರಬ್ಬಿಯಲ್ಲೇ ಯಲ್ಲಾ, ಆಗಲಿ, ಕರೆದುಕೊಂಡು ಹೋಗಿ ಎಂದೆ.

ಮಗಳು ಅವಳನ್ನು ಯಯಾ ಎಂದು ಕರೆಯತೊಡಗಿದಳು. ಅದು ಅವಳ ಹೆಸರು ಎಂದುಕೊಂಡು ನಾನೂ ಯಯಾ ಮೇಡಂ, ಯಯಾ ಮೇಡಂ ಎಂದು ಎರಡು ತಿಂಗಳು ಕರೆದೆ. ಒಂದು ದಿನ ಅವಳ ಗಂಡ ಹೊಟ್ಟೆ ಹಿಡಿದುಕೊಂಡು ನಕ್ಕು ಹೇಳಿದ, ಯಯಾ ಅಂದರೆ ಅವರ ಭಾಷೆಯಲ್ಲಿ ಅಜ್ಜಿ. ನಾನು ನಕ್ಕಂತೆ ಮಾಡಿ ಒಳಗೆ ಬಂದೆ. ನಗು ಬಂದಿರಲಿಲ್ಲ. ನನ್ನ ಮಗಳಿಗೆ ಅಜ್ಜಿ ಎಂದು ಒಬ್ಬಳೇ ಇದ್ದಳು, ಕುದ್ರುವಿನಲ್ಲಿ, ನನ್ನ ಅಮ್ಮ. ಅವಳಿಗೆ ಗೊತ್ತಿಲ್ಲದ ಹಾಗೆ ಅವಳ ಜಾಗದಲ್ಲಿ ಇನ್ನೊಬ್ಬಳು ಕುರ್ಚಿ ಹಾಕಿ ಕುಳಿತಿದ್ದಳು, ಕೂರಿಸಿದವಳೂ ನಾನೇ.

ಹೊಟ್ಟೆಕಿಚ್ಚು ಶುರುವಾದದ್ದು ಅಲ್ಲಿಂದ ಎಂದರೆ ಅರ್ಧ ಸುಳ್ಳು. ಅದಕ್ಕೂ ಮೊದಲೇ ಒಂದು ಕುಂಡದ ಮೇಲೆ ಶುರುವಾಗಿತ್ತು. ನಮ್ಮ ತುಳಸಿಯ ದೂರದ ನೆಂಟನಂಥ ಒಂದು ಗಿಡವನ್ನು ಯಯಾ ಗೋಡೆಯ ಮೇಲೆ ಇಟ್ಟುಕೊಂಡಿದ್ದಳು. ಅವರ ಕಡೆಯೂ ಅದು ದೇವರ ಗಿಡವಂತೆ, ಅಡುಗೆಗೆ ಕೀಳುವುದಿಲ್ಲವಂತೆ. ಕೈ ಆಡಿಸಿ ವಾಸನೆ ನೋಡಿ ಬಿಡುವುದು, ಅಷ್ಟೆ. ಊರಿನಿಂದ ಡಬ್ಬಿಯಲ್ಲಿ ಮಣ್ಣು ಸಮೇತ ತಂದ ನನ್ನ ತುಳಸಿ ಆ ಬಿಸಿಲಿಗೆ ಎರಡು ಸಲ ಸುಟ್ಟುಹೋಯಿತು. ಅವಳದ್ದು ಕೊಡೆಯಂತೆ ತುಂಬಿ ನಿಂತಿತ್ತು. ಒಂದೇ ಟ್ಯಾಂಕರಿನ ನೀರು, ಒಂದೇ ಬಿಸಿಲು. ನೋಡಿ ನೋಡಿ ನನಗೆ ಕಣ್ಣು ಉರಿಯುತ್ತಿತ್ತು.

ಸಂಜೆ ನಾನು ಆಫೀಸಿನ ವ್ಯಾನಿನಿಂದ ಇಳಿದು ಬರುವಷ್ಟರಲ್ಲಿ ಮಗಳ ಬಾಯಿ ತುಂಬ ಯಯಾಳ ದ್ವೀಪ. ಗ್ರೀಸ್ ದೇಶದ ತುದಿಯಲ್ಲಿ, ಭೂಪಟದಲ್ಲಿ ನೊಣ ಕೂತ ಹಾಗೆ ಕಾಣುವ ಒಂದು ದ್ವೀಪ. ಬೆಟ್ಟ, ಬಂಡೆ, ಆಡು, ಬಿಳಿ ಮನೆ. ಕುಡಿಯಲು ಬಾವಿಯಿಲ್ಲ, ಚಾವಣಿಯ ಮೇಲೆ ಬಿದ್ದ ಮಳೆನೀರನ್ನೇ ನೆಲದಡಿಯ ತೊಟ್ಟಿಗೆ ಇಳಿಸಿ ವರ್ಷವಿಡೀ ಕುಡಿಯಬೇಕು. ಗಂಡಸರೆಲ್ಲ ಕಡಲಿನ ತಳಕ್ಕೆ ಮುಳುಗಿ ಸ್ಪಂಜು ಕಿತ್ತು ತರುವವರು. ಹಿಂದೆ ಇಲ್ಲಿ ಕತಾರಿನವರು ಮುತ್ತಿಗಾಗಿ ಮುಳುಗುತ್ತಿದ್ದರಲ್ಲ, ಹಾಗೆ. ಹೊಟ್ಟೆಗೆ ಒಂದು ಚಪ್ಪಟೆ ಕಲ್ಲು ಅವುಚಿಕೊಂಡು ಇಳಿಯುವುದಂತೆ. ಮಗಳು ಸ್ನಾನಕ್ಕೆ ಹೋದಾಗ ಮಸಾಲೆ ಅರೆಯುವ ನನ್ನ ಗುಂಡುಕಲ್ಲು ಬಕೆಟಿನೊಳಗೆ ಸಿಗತೊಡಗಿತು.

ಒಂದು ದಿನದ ಕತೆ ಹೀಗೆ. ಗಂಡಸರು ಸ್ಪಂಜಿಗೆ ಹೋಗಿದ್ದ ಹೊತ್ತು ನೋಡಿ ಕಡಲ್ಗಳ್ಳರ ಹಡಗು ಬಂತು. ಊರಲ್ಲಿ ಬರೀ ಹೆಂಗಸರು, ಮುದುಕರು, ಮಕ್ಕಳು. ಹೆಂಗಸರು ಗಂಡಂದಿರ ಷರಾಯಿ ಹಾಕಿಕೊಂಡು, ತಲೆಗೆ ಟೊಪ್ಪಿ ಏರಿಸಿ, ಪೊರಕೆ, ಒನಕೆ ಹೆಗಲಿಗಿಟ್ಟು ಬೆಟ್ಟದ ನೆತ್ತಿಯ ಮೇಲೆ ಸಾಲಾಗಿ ನಿಂತರು. ಇದೆಲ್ಲಿಯ ಸೈನ್ಯವಪ್ಪಾ ಎಂದು ಕಳ್ಳರು ಹಾಯಿ ತಿರುಗಿಸಿದರು. ಅಂದಿನಿಂದ ವರ್ಷಕ್ಕೊಂದು ದಿನ ಆ ದ್ವೀಪದಲ್ಲಿ ಹೆಂಗಸರು ಷರಾಯಿ ಹಾಕಿ ಬೀದಿಯಲ್ಲಿ ಕೂರುವುದಂತೆ, ಗಂಡಸರು ಅಡುಗೆ ಮಾಡುವುದಂತೆ. ಆ ಸಂಜೆ ಮಗಳು ಅಪ್ಪನ ಪ್ಯಾಂಟಿನೊಳಗೆ ಮುಳುಗಿ, ಪೊರಕೆ ಹೆಗಲಿಗಿಟ್ಟು ಸೋಫಾ ಮೇಲೆ ನಿಂತಳು. ಇವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇವತ್ತ್ ಅಡ್ಗಿ ನಾನೇ ಮಾಡ್ತೆ ಹಾಂಗಾರೆ," ಎಂದು ನಿಜವಾಗಿಯೂ ಮೊಟ್ಟೆ ಹುರಿದರು. ಹತ್ತು ವರ್ಷದ ದಾಂಪತ್ಯದಲ್ಲಿ ನಾನು ಹೇಳಿದ್ದಕ್ಕೆ ಒಂದು ಲೋಟ ತೊಳೆದವರಲ್ಲ, ಯಯಾಳ ಅಜ್ಜಿಯ ಅಜ್ಜಿ ಹೇಳಿದ್ದಕ್ಕೆ ಮೊಟ್ಟೆ ಹುರಿದರು!

ಇನ್ನೊಂದು ದಿನ ತೇಲಿಬಂದ ದೇವರಮ್ಮನ ಪಟದ ಕತೆ. ಕಡಲಲ್ಲಿ ಸಿಕ್ಕ ಆ ಪಟವನ್ನು ಊರಿಗೆ ತಂದಿಟ್ಟರೆ ಬೆಳಗಾಗುವಷ್ಟರಲ್ಲಿ ಮತ್ತೆ ದಡದ ಗುಹೆಗೇ ಹೋಗಿ ಕೂರುತ್ತಿತ್ತಂತೆ. ಕೊನೆಗೆ ಸೋತು ಗುಹೆಯಲ್ಲೇ ಗುಡಿ ಕಟ್ಟಿದರು. ಆಮೇಲೆ ಇಟಲಿಯವರು ಆಳಿದ ಕಾಲದ ಕತೆ. ಶಾಲೆಯಲ್ಲಿ ಸ್ವಂತ ಭಾಷೆ ಆಡಿದರೆ ಪೆಟ್ಟು, ಅದಕ್ಕೇ ಯಯಾಳ ಅಮ್ಮ ಆಡಿನ ಕೊಟ್ಟಿಗೆಯಲ್ಲಿ ಕದ್ದು ಅವಳಿಗೆ ಅಕ್ಷರ ಕಲಿಸಿದಳಂತೆ. ಯುದ್ಧದ ಕಾಲದಲ್ಲಿ ತಿನ್ನಲು ಏನೂ ಇಲ್ಲದೆ ಬೆಟ್ಟದ ಸೊಪ್ಪು ಬೇಯಿಸಿ ತಿಂದದ್ದು, ಆ ಸೊಪ್ಪುಗಳ ಒಂದೊಂದರ ಹೆಸರು. ಮಗಳು ಅವನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದಳು. ಕೇಳುತ್ತಾ ನನ್ನ ಹೊಟ್ಟೆ ಉರಿಯುತ್ತಿತ್ತು. ಅವಳ ದ್ವೀಪದಲ್ಲಿ ಹಸಿವೆ ಕೂಡ ಕತೆಯಾಗಿತ್ತು. ನಮ್ಮ ಕುದ್ರುವಿನಲ್ಲಿ ಹಸಿವೆ ಬರೀ ಹಸಿವೆ. ಮಳೆಗಾಲದಲ್ಲಿ ಎರಡು ತಿಂಗಳು ಹೊಳೆಗಿಳಿಯುವಂತಿಲ್ಲ, ಗಂಜಿ ತೆಳ್ಳಗಾಗುತ್ತಿತ್ತು, ಮುಗಿಯಿತು. ಅದನ್ನು ಯಾರಿಗೆ ಹೇಳುವುದು?

"ಎಂತ ಮಾರಾಯ್ತಿ, ಮುದ್ಕಿ ಮೇಲೂ ಹೊಟ್ಟಿಕಿಚ್ಚಾ? ಪುಕ್ಕಟೆ ಮಗಳನ್ ಕಾಣ್ಕಂತ್ರ್, ಸುಮ್ನಿರ್," ಎಂದರು ಇವರು. ಸುಮ್ಮನಿದ್ದೆ. ಶಾಲೆಯ ಚಿತ್ರದ ದಿನದವರೆಗೆ.

ಮಗಳ ಇಂಗ್ಲಿಷ್ ಶಾಲೆಯಲ್ಲಿ 'ನನ್ನ ಊರು' ಎಂದು ಚಿತ್ರ ಬಿಡಿಸಲು ಹೇಳಿದ್ದರು. ಕೇರಳದ ಮಕ್ಕಳು ತೆಂಗು, ದೋಣಿ ಬಿಡಿಸಿದರಂತೆ. ನನ್ನ ಮಗಳು ಬಿಡಿಸಿದ್ದು ಬಿಳಿ ಮನೆ, ನೀಲಿ ಬಾಗಿಲು, ಗಾಳಿಗಿರಣಿ, ಬೆಟ್ಟದ ನೆತ್ತಿಯಲ್ಲಿ ಪೊರಕೆ ಹಿಡಿದು ನಿಂತ ಹೆಂಗಸರು. ಟೀಚರು ಕೆಂಪು ಶಾಯಿಯಲ್ಲಿ ವೆರಿ ಗುಡ್ ಬರೆದು ನಕ್ಷತ್ರ ಅಂಟಿಸಿದ್ದರು.

"ಇದು ನಿನ್ನ ಊರಾ?" ಎಂದೆ.

"ಯಯಾಸ್ ಐಲೆಂಡ್ ಅಮ್ಮ. ನನ್ನದೂ ಅಂತ ಯಯಾ ಹೇಳಿದ್ರು."

"ನಿನ್ನ ಊರು ಕುದ್ರು. ಅದೂ ಐಲೆಂಡೇ."

ಅವಳು ಅಲ್ಲಿಗೆ ನಾಲ್ಕು ವರ್ಷದವಳಿದ್ದಾಗ ಹೋಗಿದ್ದು, ನೆನಪಿದ್ದದ್ದು ಬರೀ ಸೊಳ್ಳೆ. "ಆದ್ರೆ ಅಲ್ಲಿ ಸ್ಟೋರಿ ಇಲ್ವಲ್ಲ," ಎಂದಳು. ಚುಚ್ಚಲು ಆಡಿದ ಮಾತಲ್ಲ. ಟ್ಯಾಂಕಿಯಲ್ಲಿ ನೀರು ಇಲ್ಲ ಎನ್ನುವ ಹಾಗೆ ಹೇಳಿದಳು.

ಅಷ್ಟೇ. ನನ್ನ ತಲೆ ಕೆಟ್ಟಿತು. "ಯಾರು ಹೇಳಿದ್ದು ಇಲ್ಲ ಅಂತ?" ಎಂದುಬಿಟ್ಟೆ. ಹೇಳಿದ ಮೇಲೆ ಕತೆ ಬೇಕಲ್ಲ! ಹುಡುಕಿದರೆ ತಲೆಯಲ್ಲಿ ಇದ್ದದ್ದೆಲ್ಲ ಯಯಾಳದ್ದೇ. ಹಿಂದಿನ ವಾರ ಮಗಳೇ ನನಗೊಂದು ಗಂಟೆಯ ಕತೆ ಹೇಳಿದ್ದಳು: ಕಡಲ್ಗಳ್ಳರು ಬರುತ್ತಾರೆ ಎಂದು ದ್ವೀಪದವರು ಗುಡಿಯ ಗಂಟೆ ಬಿಚ್ಚಿ ಕಡಲಲ್ಲಿ ಮುಳುಗಿಸಿಟ್ಟರು, ಆಮೇಲೆ ಎಷ್ಟು ಹುಡುಕಿದರೂ ಸಿಗಲಿಲ್ಲ, ಈಗಲೂ ದೊಡ್ಡ ಬಿರುಗಾಳಿ ಏಳುವ ಮುಂಚೆ ನೀರಿನ ಅಡಿಯಿಂದ ಗಂಟೆಯ ಸದ್ದು ಕೇಳುತ್ತದೆ. ಅದನ್ನೇ ತಿರುಗಿಸಿದೆ. ಕಡಲ್ಗಳ್ಳರ ಬದಲು ಬೇರೆ ಊರಿನ ರಾಜನ ದಂಡು, ಕಡಲಿನ ಬದಲು ಹೊಳೆ, ಬಿರುಗಾಳಿಯ ಬದಲು ನೆರೆ. ನೆರೆ ಬರುವ ಹಿಂದಿನ ದಿನ ನಮ್ಮ ಹೊಳೆಯ ಅಡಿಯಲ್ಲಿ ಗಂಟೆ ಬಾರಿಸುತ್ತದೆ ಮಗಳೇ, ನಾನೇ ಕೇಳಿದ್ದೇನೆ ಎಂದೆ. ಹೇಳುತ್ತಾ ಹೇಳುತ್ತಾ ನನಗೇ ಮೈ ಜುಮ್ಮೆಂದಿತು. ಮಗಳ ಬಾಯಿ ತೆರೆದಿತ್ತು. ಹತ್ತು ನಿಮಿಷ ಅವಳು ನನ್ನವಳಾಗಿದ್ದಳು.

ಹನ್ನೊಂದನೆಯ ನಿಮಿಷಕ್ಕೆ ಚಪ್ಪಲಿ ಕೂಡ ಹಾಕದೆ ಗೋಡೆಯತ್ತ ಓಡಿದಳು. "ಯಯಾ! ಯಯಾ! ಅಮ್ಮನ ಐಲೆಂಡಲ್ಲೂ ಬೆಲ್ ಇದೆ!"

ಯಯಾ ಕತೆ ಪೂರ್ತಿ ಕೇಳಿದಳು. ಮಗಳ ತಲೆಯ ಮೇಲಿನಿಂದ ನನ್ನನ್ನು ನೋಡಿದಳು. ಕದ್ದ ಮಾಲಿನ ಸಮೇತ ಸಿಕ್ಕವಳ ಹಾಗೆ ನಾನು ಬಾಗಿಲಲ್ಲಿ ನಿಂತಿದ್ದೆ. "ಅದೇ ಗಂಟೆ ಇರಬೇಕು," ಎಂದಳು ಮಗಳಿಗೆ. "ನಮಗೆ ಎಷ್ಟು ಹುಡುಕಿದರೂ ಸಿಗಲಿಲ್ಲ. ಈಗ ಗೊತ್ತಾಯಿತು, ನಿಮ್ಮ ಹೊಳೆಗೆ ಹೋಗಿದೆ."

ಬೈದಿದ್ದರೆ ನಾನೂ ಬೈಯುತ್ತಿದ್ದೆ, ಸಮವಾಗುತ್ತಿತ್ತು. ಅವಳ ಒಳ್ಳೆಯತನ ಇದೆಯಲ್ಲ, ಅದು ಉರಿಯುವ ಗಾಯಕ್ಕೆ ಉಪ್ಪು.

ಬೇಸಿಗೆ ರಜೆಗೆ ನಾನೂ ಮಗಳೂ ಊರಿಗೆ ಹೊರಟೆವು. ಅಲ್ಲಿ ಬೇಸಿಗೆ, ಊರಲ್ಲಿ ಮಳೆಗಾಲ. ಕಡವಿನಲ್ಲಿ, ಅಂದರೆ ದೋಣಿ ಹತ್ತುವ ಕಟ್ಟೆಯಲ್ಲಿ, ಬಂದು ನಿಂತಾಗ ಹೊಳೆ ಕೆಂಪಗೆ ತುಂಬಿತ್ತು. ಈಚೆ ದಡದಲ್ಲಿ ದೋಣಿ ಇರಲಿಲ್ಲ. ನಾನು ಸೂಟ್‌ಕೇಸು ಕೆಳಗಿಟ್ಟು, ಎರಡು ಕೈ ಬಾಯಿಗೆ ಅಡ್ಡ ಹಿಡಿದು ಕೂ ಹಾಕಿದೆ.

ಕೂ ಹಾಕುವುದು ನಮ್ಮಲ್ಲಿ ಹೀಗೆ: ಏಳು ಮನೆಗೆ ಏಳು ಬಗೆಯ ಕೂ. ನಮ್ಮ ಮನೆಯದು ಎರಡು ಗಿಡ್ಡ, ಒಂದು ಉದ್ದ, ಉದ್ದದ್ದನ್ನು ಕೊನೆಯಲ್ಲಿ ಪಟ್ಟನೆ ಮುರಿಯಬೇಕು. ಆಚೆ ದಡದಲ್ಲಿ ಯಾರಿಗೆ ಕೇಳಿದರೂ ಬಂದವರು ಯಾವ ಮನೆಯವರು ಎಂದು ಗೊತ್ತಾಗುತ್ತದೆ. ಆದರೆ ಓಗೊಡುವ ಹಕ್ಕು ಆ ಮನೆಯ ತಾಯಿಗೆ ಮಾತ್ರ. ಕೈಯಲ್ಲಿ ಹಿಟ್ಟಿರಲಿ, ಮಸಿಯಿರಲಿ, ಅವಳೇ ಹೊರಗೆ ಬಂದು ಉದ್ದಕ್ಕೆ "ಓ" ಎನ್ನಬೇಕು. ಕೇಳಿತು, ದೋಣಿ ಬರುತ್ತದೆ ಎಂದು ಅರ್ಥ. ಓ ಕೇಳಿದವರು ಆಮೇಲೆ ತಿರುಗಿ ಹೋಗುವಂತಿಲ್ಲ, ಬರಲೇಬೇಕು. ಕೂ ಎರಡೇ ಸಲ. ಮೂರನೆಯ ಸಲ ಕೂಗುವುದು ಸಾವಿನ ಸುದ್ದಿ ತಂದವರು ಮಾತ್ರ.

ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ, ಮಳೆಯ ಆಚೆಯಿಂದ, ಅಮ್ಮನ "ಓ" ಬಂತು. ಸಣ್ಣಗೆ, ಉದ್ದಕ್ಕೆ. ಮಗಳು ನನ್ನ ಸೀರೆ ಜಗ್ಗಿದಳು.

"ಅಮ್ಮ, ಅದು ಏನು? ಯಾರು? ನೀನು ಹೀಗೆ ಮಾಡ್ತೀಯಾ? ಮತ್ತೆ ಯಾಕೆ ನಂಗೆ ಹೇಳ್ಲಿಲ್ಲ?"

ಬಾಗಿಲು ಬಡಿಯುವುದರ ಬಗ್ಗೆ ಯಾರಾದರೂ ಮಕ್ಕಳಿಗೆ ಕತೆ ಹೇಳುತ್ತಾರಾ? ದೋಣಿ ಬರುವವರೆಗೆ ಏಳು ಮನೆಯ ಕೂಗಳನ್ನೂ ಅವಳಿಗೆ ಹೇಳಿದೆ. ಮೂರನೆಯ ಕೂಗಿನ ವಿಷಯ ಹೇಳಲಿಲ್ಲ. ಮಗುವಿಗೆ ಯಾಕೆ ಅದೆಲ್ಲ.

ಮನೆ ಹೊಕ್ಕು ತಲೆ ಒರೆಸಿಕೊಳ್ಳುವ ಮುಂಚೆಯೇ ಮಗಳು ಅಮ್ಮನನ್ನು ಹಿಡಿದಳು. "ಅಜ್ಜಿ, ಹೊಳೆಯಲ್ಲಿ ಮುಳುಗಿದ ಗಂಟೆ ಎಲ್ಲಿ?"

ಸಿಕ್ಕಿಬಿದ್ದೆ ಎಂದುಕೊಂಡೆ. ಆದರೆ ಆದದ್ದೇ ಬೇರೆ. ನಮ್ಮ ಕಡೆ ಮಾತಿನಲ್ಲಿ ಗಂಟಿ ಎಂದರೆ ದನ. ದೋಹಾದಲ್ಲಿ ಬೆಳೆದ ಕನ್ನಡದಲ್ಲಿ ಮಗಳು ಆಡಿದ ಗಂಟೆ ಅಮ್ಮನ ಕಿವಿಗೆ ಗಂಟಿಯಾಗಿ ಬಿತ್ತು.

"ಅಯ್ಯಯ್ಯೋ! ಗಂಟಿ ಮುಳ್ಗಿತಾ? ಯಾರ್ ಮನಿದ್? ಯಾವಾಗ?" ಎನ್ನುತ್ತಾ ಅಮ್ಮ ತಲೆಗೆ ಮಳೆಗೆ ಹೊದೆಯುವ ಎಲೆಯ ಗೊರಬೆ ಏರಿಸಿಕೊಂಡು ಮಳೆಯಲ್ಲೇ ಹಟ್ಟಿಗೆ ಓಡಿದಳು. ಹಿಂದೆ ಅಣ್ಣ, ಅತ್ತಿಗೆ. ಹಟ್ಟಿಯಲ್ಲಿ ಎರಡು ದನ, ಒಂದು ಕರು ಸುಖವಾಗಿ ಮೆಲುಕು ಹಾಕುತ್ತಿದ್ದವು. ವಾಪಸು ಬಂದು ಅಮ್ಮ ದಬಾಯಿಸಿದಳು, "ಎಲ್ಲಾ ಇದ್ದೊ ಅಲ್ದಾ! ಎಂಥ ಮಕ್ಳಪ್ಪಾ, ಜೀವ ತೆಗೀತೊ."

"ದನ ಅಲ್ಲ ಅಜ್ಜಿ, ಬೆಲ್. ಟೆಂಪಲ್ ಬೆಲ್," ಎಂದು ಮಗಳು ಕೈಯಾಡಿಸಿ ಬಾರಿಸಿ ತೋರಿಸಿದಳು.

"ನಮ್ ಕುದ್ರಂಗ್ ದೇವಸ್ಥಾನವೇ ಇಲ್ಲ ಮಗಾ, ಗಂಟೆ ಎಲ್ಲಿಂದ ಬಪ್ಪುದ್? ದೇವ್ರಿಗ್ ಕೈ ಮುಗೂಕ್ ನಾವೇ ಹೊಳಿ ದಾಟ್ಕ್."

ಹೌದಲ್ಲ! ಕದಿಯುವ ಗಡಿಬಿಡಿಯಲ್ಲಿ ಅದೊಂದು ಹೊಳೆದೇ ಇರಲಿಲ್ಲ. ಎಲ್ಲರೂ ನಗುತ್ತಿದ್ದರು. ಮಗಳು ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿ, ಮೆತ್ತಗೆ, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು, "ನೀನು ಯಯಾದು ತಗೊಂಡೆ." ಅಷ್ಟು ಚಿಕ್ಕವಳ ಮುಂದೆ ಅಷ್ಟು ಸಣ್ಣವಳಾದದ್ದು ನನಗೆ ಇನ್ನೂ ನೆನಪಿದೆ.

ರಜೆ ಪೂರ್ತಿ ಅವಳು ನನ್ನನ್ನು ಏನೂ ಕೇಳಲಿಲ್ಲ. ಅಜ್ಜಿಯ ಹಿಂದೆ ಬಿದ್ದು ಕೂ ಕಲಿತಳು. ಕಡವಿನಲ್ಲಿ ನಿಂತು ಹಾಕಿದಳು, ಅಜ್ಜಿ ಓಗೊಟ್ಟಳು, ದಿನಕ್ಕೆ ಹತ್ತು ಸಲ. ಕೊನೆಯಲ್ಲಿ ಮುರಿಯುವುದು ಅವಳಿಗೆ ಮೂರು ದಿನಕ್ಕೆ ಬಂತು, ನನಗೆ ಬರಲು ಒಂದು ಮಳೆಗಾಲವೇ ಹಿಡಿದಿತ್ತು. ಸದ್ಯ, ಇದೊಂದಾದರೂ ನಮ್ಮದು ಅವಳಿಗೆ ಅಂಟಿತು ಎಂದುಕೊಂಡೆ. ವಿಮಾನದಲ್ಲಿ ಇಡೀ ದಾರಿ ಸಮಾಧಾನದಲ್ಲಿದ್ದೆ. ಯಯಾಳ ಹತ್ತಿರ ನೂರು ಕತೆ ಇರಬಹುದು, ಹೀಗೆ ಕರೆದರೆ ಹೀಗೆ ಓಗೊಡುವ ಊರು ಇದೆಯಾ?

ದೋಹಾಕ್ಕೆ ಬಂದ ವಾರಕ್ಕೆ ಒಂದು ಸಂಜೆ ವ್ಯಾನಿನಿಂದ ಇಳಿದು ಗೇಟು ತೆರೆಯುತ್ತಿದ್ದೆ. ಹಿಂದಿನ ಅಂಗಳದಿಂದ ನಮ್ಮ ಮನೆಯ ಕೂ ಕೇಳಿತು. ಎರಡು ಗಿಡ್ಡ, ಒಂದು ಉದ್ದ, ಸರಿಯಾಗಿ ಮುರಿದದ್ದು. ನನ್ನ ಮಗಳು! ನನ್ನ ಮುಖದಲ್ಲಿ ನಗು ಬಂತು. ಓಗೊಡಲು ಬಾಯಿ ತೆರೆದೆ.

ನನ್ನ ದನಿ ಹೊರಡುವಷ್ಟರಲ್ಲಿ ಗೋಡೆಯ ಆಚೆಯಿಂದ "ಓ" ಬಂತು. ಉದ್ದಕ್ಕೆ, ನಡುಗುವ ಮುದಿ ಗಂಟಲಿನ ಓ. ಅಮ್ಮನದ್ದೇ ಧಾಟಿ. ಮಗಳು ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದಳೆಂದರೆ ಕಣ್ಣು ಮುಚ್ಚಿದ್ದರೆ ಕುದ್ರುವೇ.

ಆಮೇಲೆ ನಾನು ಮಾಡಿದ್ದು ಸರಿಯಲ್ಲ. ಬ್ಯಾಗು ಹೆಗಲಲ್ಲಿದ್ದ ಹಾಗೇ ಗೋಡೆಗೆ ಹೋಗಿ, "ಇದು ನಮ್ಮ ಮನೆಯ ಕೂಗು, ಆಟದ ಸಾಮಾನಲ್ಲ," ಎಂದೆ. "ನಿಮ್ಮ ಹತ್ತಿರ ದ್ವೀಪವಿದೆ, ಕತೆಯಿದೆ, ಎಲ್ಲ ಇದೆ. ಇದನ್ನಾದರೂ ನಮಗೆ ಬಿಡಿ." ಯಯಾ ಗಿಡದ ಮೇಲೆ ಇಟ್ಟಿದ್ದ ಕೈ ಹಾಗೇ ಇತ್ತು. ಮಗಳನ್ನು ಎಳೆದುಕೊಂಡು ಬಂದೆ. ಮಾರನೆಯ ದಿನದಿಂದ ನಾಲ್ಕರಿಂದ ಏಳು ಗಂಟೆ ಅವಳಿಗೆ ಟಿವಿ, ಹೊರಗಿನಿಂದ ಬೀಗ. ಹತ್ತಿರದಲ್ಲೇ ಇದ್ದ ಇವರ ಸ್ಟೋರಿನಿಂದ ಇವರು ನಡುವೆ ಒಮ್ಮೆ ಬಂದು ನೋಡಿ ಹೋಗುವುದೆಂದಾಯಿತು. "ನಿನ್ ಸಿಟ್ಟ್ ಯಾರ್ ಮೇಲೆ, ಬೀಗ ಯಾರಿಗ್?" ಎಂದು ಇವರು ಕೇಳಿದ್ದು ನಿಜ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬುದು ನನಗೂ ಗೊತ್ತಿತ್ತು. ಆದರೂ ಬೀಗ ತೆಗೆಯಲಿಲ್ಲ. ಮಗಳು ಅಳಲಿಲ್ಲ, ಜಗಳವಾಡಲಿಲ್ಲ. ಕರೆದರೆ ಮಾತ್ರ ಮಾತಾಡುತ್ತಿದ್ದಳು.

ಮೂರು ವಾರ ಹೀಗೆ. ಒಂದು ಗುರುವಾರ ಇವರು ಸುದ್ದಿ ತಂದರು. ಇಂಜಿನಿಯರನ ಪ್ರಾಜೆಕ್ಟ್ ಖಲಾಸ್, ಗಂಡ ಹೆಂಡತಿ ಮರುದಿನವೇ ಹೊರಡುತ್ತಾರೆ. ಪ್ಯಾಕಿಂಗ್ ಹದಿನೈದು ದಿನದಿಂದ ನಡೆದಿತ್ತಂತೆ. ಗೋಡೆಯ ಈಚೆ ಇದ್ದ ನಮಗೆ ಗೊತ್ತಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಯಯಾ ಗೋಡೆಯ ಹತ್ತಿರ ನನ್ನನ್ನು ಕರೆದಳು. ಗಿಡದ ಕುಂಡವನ್ನು ನನ್ನ ಕಡೆ ಸರಿಸಿ, "ಇದು ನಿನಗೆ," ಎಂದಳು.

"ಊರಿಗಾ? ದ್ವೀಪಕ್ಕಾ?" ಎಂದು ಕೇಳಿದೆ. ಏನಾದರೂ ಕೇಳಬೇಕಲ್ಲ.

"ಇಲ್ಲ, ಅಥೆನ್ಸಿಗೆ. ಮಗನ ಫ್ಲ್ಯಾಟು, ನಾಲ್ಕನೇ ಮಹಡಿ." ಅವಳ ಇಂಗ್ಲಿಷು ತುಂಡು ತುಂಡು, ನಿಧಾನ. "ದ್ವೀಪದಲ್ಲಿ ಯಾರಿದ್ದಾರೆ? ಸ್ಪಂಜು ಹೋಯಿತು, ಗಂಡಸರು ಹೋದರು, ಶಾಲೆ ಮುಚ್ಚಿತು. ನಮ್ಮ ಮನೆಯ ಚಾವಣಿ ಬಿದ್ದಿದೆ. ಅಲ್ಲಿ ಹೋಗಿ ಯಾರನ್ನು ಕರೆಯಲಿ? ಕರೆದರೆ ಆಡು ತಿರುಗಿ ನೋಡುತ್ತದೆ. ನನ್ನ ಹತ್ತಿರ ಇರುವುದು ಬರೀ ಕತೆ. ನಿನ್ನ ಮಗಳು ಬಂದು ಹೇಳಿದಳು, ಅಲ್ಲಿ ನಿಂತು ಕೂಗಿದರೆ ಅಜ್ಜಿ ಓ ಎನ್ನುತ್ತಾಳೆ ಅಂತ. ನಿಜವಾದ ಅಜ್ಜಿ, ಇವತ್ತಿಗೂ. ನನಗೆ ಹೊಟ್ಟೆಕಿಚ್ಚಾಯಿತು. ನಿನ್ನ ಮೇಲೆ. ಅದಕ್ಕೇ ಓ ಎಂದು ನೋಡಿದೆ, ಹೇಗಿರುತ್ತದೆ ಅಂತ. ತಪ್ಪಾಯಿತು."

ಇಂಥ ಹೊತ್ತಲ್ಲಿ ಕಣ್ಣಲ್ಲಿ ನೀರು ಬಂತು ಎಂದು ಬರೆಯಬೇಕು. ನೀರು ಆಮೇಲೆ ಬಂತು. ಮೊದಲು ಬಂದದ್ದು ಖುಷಿ. ನೂರು ಕತೆಯ ಒಡತಿಗೆ ನನ್ನ ಮೇಲೆ, ಏಳು ಮನೆಯ ಕುದ್ರುವಿನ ಮೇಲೆ ಹೊಟ್ಟೆಕಿಚ್ಚು! ಕುಂಡವನ್ನು ಎದೆಗೆ ಅವುಚಿಕೊಂಡು ನಿಂತಿದ್ದೆ. ಅವಳ ಕೈ ಹಿಡಿಯಬೇಕು ಎಂದು ತೋಚುವಷ್ಟರಲ್ಲಿ ಅವಳು ಒಳಗೆ ಹೋಗಿಯಾಗಿತ್ತು.

ಮಧ್ಯಾಹ್ನ ಮೂರಕ್ಕೆ ವ್ಯಾನು ಬಂತು. ಮಗಳು ಯಯಾಳನ್ನು ತಬ್ಬಿಕೊಂಡದ್ದನ್ನು ನಾನು ಹಿಟ್ಟು ಕಲಸುತ್ತಾ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮುಂದೆ ಹೋಗುವ ಮುಖ ನನಗಿರಲಿಲ್ಲ. ವ್ಯಾನು ಗೇಟು ದಾಟಿದ ಕೂಡಲೇ ಮಗಳು ಗೋಡೆ ಹತ್ತಿ, ಕುಂಡವಿದ್ದ ಜಾಗದಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಕೂ ಹಾಕಿದಳು.

ವ್ಯಾನಿನ ಕಿಟಕಿಯಿಂದ ಬಿಳಿ ತಲೆ ಹೊರಗೆ ಬಂತು. "ಓ" ಎಂದಿತು.

ವ್ಯಾನು ಬೀದಿಯ ತುದಿ ಮುಟ್ಟಿದಾಗ ಮಗಳು ಎರಡನೆಯ ಸಲ ಹಾಕಿದಳು. ಓಗೊಟ್ಟದ್ದು ಕೇಳಿಸಿತೋ, ನಾನೇ ಊಹಿಸಿಕೊಂಡೆನೋ, ಗೊತ್ತಿಲ್ಲ. ವ್ಯಾನು ತಿರುಗಿತು, ಕಾಣದಾಯಿತು.

ಮಗಳು ಮತ್ತೆ ಉಸಿರು ಎಳೆದುಕೊಂಡಳು. ಬೇಡ, ಬೇಡ ಎಂದು ನನ್ನೊಳಗೆ ಯಾರೋ ಕಿರುಚಿದರು. ಅವಳಿಗೆ ಗೊತ್ತಿಲ್ಲ, ನಾನು ಹೇಳಿಲ್ಲ. ಮೂರನೆಯ ಕೂ ಹೊರಟೇಬಿಟ್ಟಿತು. ಎರಡು ಗಿಡ್ಡ, ಒಂದು ಉದ್ದ. ಖಾಲಿ ಬೀದಿಯಲ್ಲಿ ಯಾರೂ ಇರಲಿಲ್ಲ. ಉತ್ತರವಿಲ್ಲದ ಮೂರನೆಯ ಕೂ ನಮ್ಮ ಮನೆಯ ಮೇಲೆ ನಿಂತುಬಿಟ್ಟರೆ? ಹಿಟ್ಟಿನ ಕೈಯಲ್ಲೇ ಅಂಗಳಕ್ಕೆ ಓಡಿಬಂದು, ಇದ್ದ ಗಂಟಲನ್ನೆಲ್ಲ ಹಾಕಿ "ಓ" ಎಂದೆ. ಮದುವೆಯ ಮುಂಚೆ ಹದಿನೈದು ವರ್ಷ ಅಮ್ಮನ ಬೆನ್ನ ಹಿಂದೆ ನಿಂತು ಕೇಳಿದ್ದೆ, ಒಮ್ಮೆಯೂ ಓಗೊಟ್ಟಿರಲಿಲ್ಲ. ನನ್ನ ಬದುಕಿನ ಮೊದಲ ಓ.

ಮಗಳು ಬೆಚ್ಚಿ ತಿರುಗಿ ನೋಡಿದಳು. ಕೆನ್ನೆ ಪೂರ್ತಿ ಒದ್ದೆ.

"ನಿನ್ನನ್ನಲ್ಲ ಅಮ್ಮ," ಎಂದಳು. "ನಾನು ಯಯಾನ್ನ ಕರೀತಾ ಇದ್ದೆ."

"ಗೊತ್ತು," ಎಂದೆ. "ಆದರೆ ಓ ಅಂದ ಮೇಲೆ ಬರಬೇಕು. ನಮ್ಮಲ್ಲಿ ಹಾಗೆ."

ಅವಳು ಬೀದಿಯ ಕಡೆ ಮುಖ ಮಾಡಿ ಗೋಡೆಯ ಮೇಲೆ ಕುಳಿತಳು. ನಾನು ಅಂಗಳದಲ್ಲೇ ನಿಂತಿದ್ದೆ. ಕೈಯಲ್ಲಿನ ಹಿಟ್ಟು ಒಣಗಿ ಬಿರಿಯುವವರೆಗೆ ನಿಂತಿದ್ದೆ. ಆಮೇಲೆ ಅವಳು ಗೋಡೆಯಿಂದ ಇಳಿದು ಬಂದಳು.